ಲದ್ದಿ ಬಾಚಿದವರು ಕುದುರೆ ಹತ್ತಿದ್ದು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಕೂಟದಲ್ಲಿ ಆಡಿದ ಮಾತು)



ಇವತ್ತು ನಾವು ಕುದುರೆ ವಿಚಾರ ಮಾತಾಡೋಣ ಅಂತ ಬಂದಿದ್ದೀವಿ. ನಗಬೇಡಿ. ಕುದುರೆ ಅಂದ್ರೆ ಬರೀ ಪ್ರಾಣಿ ಅಲ್ಲ. ಯಾರು ಅದರ ಬೆನ್ನೇರಬೇಕು, ಯಾರು ಅದರ ಲದ್ದಿ ಬಾಚಬೇಕು ಅನ್ನೋದು ಮೇಲೆ ಕೂತವರು ಮಾಡಿಟ್ಟ ಕಟ್ಟಳೆ. ಮದುವೆ ಗಂಡು ಕುದುರೆ ಮೇಲೆ ಕೂತ ಅಂತ ಕಲ್ಲು ಬೀರಿದ ಊರುಗಳ ಸುದ್ದಿ ನೀವು ಪೇಪರಿನಲ್ಲಿ ಓದಿದ್ದೀರಿ. ಅದನ್ನು ಅಲ್ಲಿಗೇ ಬಿಡೋಣ. ನಾವು ಹೇಳೋಕೆ ಹೊರಟಿರೋದು ಅಮೆರಿಕದ ಕತೆ. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಕುದುರೆ ದಂಡು ಸೇರಿದ ಕಪ್ಪು ಸಿಪಾಯಿಗಳ ಕತೆ.

ನಾವು ಸ್ಕೂಲಲ್ಲಿ ಓದುವಾಗ ಈ ಯುದ್ಧ ಎರಡೇ ಸಾಲಿನಲ್ಲಿ ಮುಗೀತಿತ್ತು. ಉತ್ತರದವರಿಗೂ ದಕ್ಷಿಣದವರಿಗೂ ಜಗಳ ಆಯಿತು, ಅಬ್ರಹಾಂ ಲಿಂಕನ್ ಗುಲಾಮರಿಗೆ ಬಿಡುಗಡೆ ಕೊಟ್ಟರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ 'ಕೊಟ್ಟರು' ಅನ್ನೋ ಮಾತು ನಮ್ಮ ಗಂಟಲಲ್ಲಿ ಇಳಿಯೋದಿಲ್ಲ. ಲಿಂಕನ್ ದೊಡ್ಡ ಮನುಷ್ಯ, ಅದರಲ್ಲಿ ನಮಗೆ ತಕರಾರಿಲ್ಲ. ಯಾರಿಗೆ ಕೊಟ್ಟರು ಅಂತಾರೋ ಆ ಜನ ಅಷ್ಟು ದಿನ ಕೈ ಕಟ್ಟಿಕೊಂಡು ಕೂತಿದ್ರಾ ಅಂತ ಕೇಳಬೇಕಲ್ಲ?

1860ರ ಜನಗಣತಿ ಪ್ರಕಾರ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಹತ್ತಿ, ಹೊಗೆಸೊಪ್ಪು, ಕಬ್ಬು ಎಲ್ಲ ಅವರ ಬೆವರು. ಒಡೆಯನ ಕುದುರೆ ಮೈ ತಿಕ್ಕೋರು ಅವರೇ, ಹುಲ್ಲು ಹಾಕೋರು ಅವರೇ, ಲಾಳ ಕಟ್ಟೋರು ಅವರೇ, ಹುಚ್ಚು ಕುದುರೆ ಪಳಗಿಸೋರೂ ಅವರೇ. ಕುದುರೆ ವಿದ್ಯೆ ಅವರಿಗಿಂತ ಬಲ್ಲವರು ಆ ನಾಡಲ್ಲಿ ಇರಲಿಲ್ಲ. ರಾತ್ರಿಯಾದರೆ ಮಾತ್ರ ಅದೇ ಕುದುರೆ ಅವರ ಶತ್ರು. ದಕ್ಷಿಣದ ರಾಜ್ಯಗಳಲ್ಲಿ 'ಪಟ್ರೋಲ್' ಅಂತ ಒಂದು ವ್ಯವಸ್ಥೆ ಇತ್ತು. ಬಿಳಿಯ ಗಂಡಸರು ಕುದುರೆ ಹತ್ತಿ, ಚಾಟಿ ಬಂದೂಕು ಹಿಡಿದು ರಸ್ತೆ ಕಾಯೋರು. ಒಡೆಯನ ಚೀಟಿ ಇಲ್ಲದೆ ದಾರಿಯಲ್ಲಿ ಸಿಕ್ಕ ಗುಲಾಮನಿಗೆ ಅಲ್ಲೇ ಚಾಟಿ. ಆ ಜನಕ್ಕೆ ಗೊರಸಿನ ಸದ್ದು ಅಂದ್ರೆ ಎದೆ ನಡುಕ.

ಯುದ್ಧ ಶುರುವಾಗಿ ಇನ್ನೂ ಆರು ವಾರ ಆಗಿಲ್ಲ, 1861ರ ಮೇ ತಿಂಗಳು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಅನ್ನೋ ಮೂರು ಜನ ಗುಲಾಮರು ರಾತ್ರೋರಾತ್ರಿ ದೋಣಿ ಹತ್ತಿ ವರ್ಜೀನಿಯಾದಲ್ಲಿದ್ದ ಉತ್ತರದವರ ಮನ್ರೋ ಕೋಟೆಗೆ ಬಂದುಬಿಟ್ಟರು. ಅವರಿಂದ ದಕ್ಷಿಣದ ಸೇನೆ ತನ್ನ ಫಿರಂಗಿ ಕಟ್ಟೆ ಕಟ್ಟಿಸ್ತಾ ಇತ್ತು. ಮಾರನೇ ದಿನವೇ ಒಡೆಯನ ಕಡೆಯವನು ಬಂದು 'ನಮ್ಮ ಆಳುಗಳನ್ನ ವಾಪಸ್ ಕೊಡಿ, ಕಾನೂನಿದೆ' ಅಂದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಹಿಂದೆ ವಕೀಲಿ ಮಾಡಿದವನು. 'ನಿಮ್ಮದು ಬೇರೆ ದೇಶ ಅಂತ ನೀವೇ ಹೇಳ್ತೀರಿ, ನಮ್ಮ ದೇಶದ ಕಾನೂನು ನಿಮಗ್ಯಾಕೆ? ಇವರು ಯುದ್ಧದಲ್ಲಿ ವಶವಾದ ಮಾಲು' ಅನ್ನೋ ಅರ್ಥದಲ್ಲಿ ವಾದ ಹೂಡಿದ. ಮಾಲು! ಮನುಷ್ಯ ಅಂತ ಅನ್ನಲಿಲ್ಲ ನೋಡಿ. ಆದರೂ ಆ ಬಾಗಿಲಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೂವರ ಹಿಂದೆ ನೂರಾರು, ಆಮೇಲೆ ಸಾವಿರಾರು ಜನ ನಡೆದು ಬಂದರು. ಗುಲಾಮರು ಹೊಲ ಬಿಟ್ಟು ಎದ್ದು ಬಂದ ಇದನ್ನೇ ಕಪ್ಪು ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರ ತಮ್ಮ ಪುಸ್ತಕದಲ್ಲಿ ಸಾರ್ವತ್ರಿಕ ಮುಷ್ಕರ ಅಂತ ಕರೆದರು. ಲಿಂಕನ್ನರ ವಿಮೋಚನಾ ಘೋಷಣೆ ಬಂದದ್ದು 1863ರ ಜನವರಿ 1ಕ್ಕೆ. ಈ ಮೂವರು ದೋಣಿ ಹತ್ತಿದ್ದು ಅದಕ್ಕೆ ಒಂದೂವರೆ ವರ್ಷ ಮೊದಲು. ತಾರೀಖು ನೆನಪಿಟ್ಟುಕೊಳ್ಳಿ.

ಕಪ್ಪುಜನರನ್ನು ದೊಡ್ಡ ಸಂಖ್ಯೆಯಲ್ಲಿ ಸೇನೆಗೆ ಸೇರಿಸಿಕೊಳ್ಳೋಕೆ ಶುರುವಾದದ್ದು 1863ರಲ್ಲಿ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 1,79,000 ಮಂದಿ ಭೂಸೇನೆಯಲ್ಲಿ ದುಡಿದಿದ್ದರು. ಸುಮಾರು 40,000 ಜನ ಸತ್ತರು, ಅದರಲ್ಲಿ 30,000 ಜನ ಸತ್ತದ್ದು ಗುಂಡಿಗಲ್ಲ, ರೋಗಕ್ಕೆ. ಸಂಬಳ ಕೇಳಿ: ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆ ಬಾಬ್ತು 3 ಹಿಡಕೊಂಡು ಕೈಗೆ 7. ಗುಂಡಿಗೆ ಬಣ್ಣ ಗೊತ್ತಿರಲಿಲ್ಲ, ಖಜಾನೆಗೆ ಗೊತ್ತಿತ್ತು. ಮಸಾಚುಸೆಟ್ಸಿನ 54 ಮತ್ತು 55ನೇ ಕಾಲಾಳು ಪಡೆಯವರು ಈ ಸಂಬಳವನ್ನು ಮುಟ್ಟೋದೇ ಇಲ್ಲ ಅಂತ ಒಂದು ವರ್ಷಕ್ಕೂ ಮಿಕ್ಕಿ ಹಟ ಹಿಡಿದರು. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ. ಸೌತ್ ಕರೋಲಿನಾದ ಒಂದು ಪಡೆಯಲ್ಲಿ ಸಾರ್ಜೆಂಟ್ ವಿಲಿಯಂ ವಾಕರ್ ಅನ್ನೋನು, ಸರಕಾರ ಮಾತು ಮುರಿದ ಮೇಲೆ ನಾವು ಸಿಪಾಯಿಗಳಲ್ಲ ಅಂತ ತನ್ನವರಿಂದ ಬಂದೂಕು ಕೆಳಗಿಡಿಸಿದ. ದಂಗೆ ಅಂತ ತೀರ್ಮಾನ ಮಾಡಿ 1864ರ ಫೆಬ್ರವರಿ 29ರಂದು ಅವನನ್ನು ಗುಂಡಿಕ್ಕಿ ಕೊಂದರು. ಕೊಂದದ್ದು ದಕ್ಷಿಣದವರಲ್ಲ, ಅವನದೇ ಸೇನೆ. ಸಮಾನ ಸಂಬಳದ ಕಾನೂನು ಬಂದದ್ದು ಅದೇ ವರ್ಷ ಜೂನ್ ತಿಂಗಳಲ್ಲಿ.

ಈಗ ಕುದುರೆಗೆ ಬರೋಣ.

ಕಪ್ಪು ಸಿಪಾಯಿಗಳ ರೆಜಿಮೆಂಟುಗಳು 150ಕ್ಕೂ ಹೆಚ್ಚು. ಅದರಲ್ಲಿ ಕುದುರೆ ರೆಜಿಮೆಂಟುಗಳು ಏಳೇ ಏಳು. ಕೇಂದ್ರ ಸರಕಾರದ ನಂಬರು ಪಡೆದವು ಆರು, ಜೊತೆಗೆ ಮಸಾಚುಸೆಟ್ಸ್ ರಾಜ್ಯದ 5ನೇ ಕುದುರೆ ಪಡೆ. ಯಾಕೆ ಇಷ್ಟು ಕಡಿಮೆ? ಕುದುರೆಗೆ ದುಡ್ಡು ಹೆಚ್ಚು ಅನ್ನೋದು ಒಂದು ಕಾರಣ ಇರಬಹುದು. ನಮಗೆ ಕಾಣೋ ಕಾರಣ ಬೇರೆ. ಆ ಕಾಲಕ್ಕೆ ಸೇನೆಯಲ್ಲಿ ಕುದುರೆ ದಂಡು ಅಂದ್ರೆ ಗತ್ತಿನ ಜಾಗ. ಟೂರಿಂಗ್ ಟಾಕೀಸಿನಲ್ಲಿ ನಾವು ನೋಡಿದ ಇಂಗ್ಲಿಷ್ ಪಿಕ್ಚರುಗಳಲ್ಲಿ ಕಹಳೆ ಊದಿಕೊಂಡು ಧೂಳೆಬ್ಬಿಸಿ ಬರೋ ದಂಡಿನಲ್ಲಿ ಒಂದಾದರೂ ಕಪ್ಪು ಮುಖ ಕಂಡಿದ್ದೀವಾ? ಗುದ್ದಲಿ ಕೊಡಬಹುದು, ಕಂದಕ ತೋಡಿಸಬಹುದು, ಬೇಕಾದರೆ ಬಂದೂಕನ್ನೂ ಕೊಡಬಹುದು. ಆದರೆ ಕುದುರೆ ಮೇಲಿಂದ ಅವನು ಕೆಳಗೆ ನೋಡಬಾರದು. ಮೇಲಧಿಕಾರಿಗಳಂತೂ ಹೆಚ್ಚುಕಡಿಮೆ ಎಲ್ಲ ಬಿಳಿಯರೇ. ಕಪ್ಪು ಕುದುರೆ ಸಿಪಾಯಿ ಸಾರ್ಜೆಂಟ್ ಆಗೋ ತನಕ ಏರಬಹುದು, ಅಲ್ಲಿಗೆ ಏಣಿ ಮುಗೀತು.

ಮಸಾಚುಸೆಟ್ಸಿನ 5ನೇ ಪಡೆಯನ್ನೇ ನೋಡಿ. 1864ರ ಜನವರಿಯಿಂದ ಬಾಸ್ಟನ್ ಪಕ್ಕದ ರೆಡ್‌ವಿಲ್‌ನಲ್ಲಿ ಕಟ್ಟಿದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಗುಡುಗಿದ ಫ್ರೆಡರಿಕ್ ಡಗ್ಲಸ್ ಅವರ ಮಗ ಚಾರ್ಲ್ಸ್ ಇದರಲ್ಲಿ ಸಾರ್ಜೆಂಟ್. ಹೆಸರಿಗೆ ಕುದುರೆ ಪಡೆ. ಯುದ್ಧಭೂಮಿಗೆ ಕಳಿಸುವಾಗ ಕುದುರೆ ಇಲ್ಲ, ಕಾಲಾಳಿನ ಬಂದೂಕು ಕೊಟ್ಟು ನಡೆಸಿದರು. ಜೂನ್ 15ರಂದು ಪೀಟರ್ಸ್‌ಬರ್ಗ್ ಹತ್ತಿರ ಬೇಯ್ಲರ್ಸ್ ಫಾರ್ಮ್ ಅನ್ನೋ ಕಡೆ ನಡೆದೇ ಕಾದಾಡಿದರು. ಆಮೇಲೆ ತಿಂಗಳುಗಟ್ಟಲೆ ಪಾಯಿಂಟ್ ಲುಕ್‌ಔಟ್ ಅನ್ನೋ ಜೈಲು ಶಿಬಿರದಲ್ಲಿ ದಕ್ಷಿಣದ ಕೈದಿಗಳನ್ನು ಕಾಯೋ ಕೆಲಸ. ಮಾಜಿ ಗುಲಾಮ ಕಾವಲು, ಮಾಜಿ ಒಡೆಯ ಕೈದಿ! ಆ ಒಂದು ದೃಶ್ಯ ನೆನೆಸಿಕೊಂಡರೆ ನಮಗೂ ಸ್ವಲ್ಪ ಖುಷಿ ಆಗುತ್ತೆ, ಸುಳ್ಳು ಯಾಕೆ ಹೇಳೋಣ.

ಮಿಸಿಸಿಪಿಯಲ್ಲಿ ಹುಟ್ಟಿದ 3ನೇ ಪಡೆಯವರಿಗೆ ಮಾತ್ರ ನಿಜವಾದ ಕುದುರೆ ಕೆಲಸ ಸಿಕ್ಕಿತು. ವಿಕ್ಸ್‌ಬರ್ಗ್ ಪಟ್ಟಣ ಉತ್ತರದವರ ಕೈಗೆ ಬಂದ ಮೇಲೆ, 1863ರ ಅಕ್ಟೋಬರಿನಲ್ಲಿ, ಸುತ್ತಲ ಹತ್ತಿ ಹೊಲಗಳಿಂದ ಎದ್ದು ಬಂದವರ ಪಡೆ ಇದು. ಕರ್ನಲ್ ಎಂಬರಿ ಆಸ್‌ಬ್ಯಾಂಡ್ ಇದರ ನಾಯಕ. 1864ರ ನವೆಂಬರ್ 27ರಂದು ಬಿಗ್ ಬ್ಲ್ಯಾಕ್ ನದಿಯ ರೈಲು ಸೇತುವೆ ಮೇಲೆ ದಾಳಿ ಮಾಡಿದರು. ಎರಡೂ ಕಡೆ ಜೌಗು, ಕುದುರೆ ಇಳಿಸೋ ಹಾಗಿಲ್ಲ. ಎದುರಿಗೆ ಮರದ ಕೋಟೆ, ಅದರಿಂದ ಗುಂಡು. ಇವರು ಕುದುರೆ ಬಿಟ್ಟು ರೈಲು ಪಟ್ಟಿಯ ದಿಮ್ಮಿಯಿಂದ ದಿಮ್ಮಿಗೆ ಕಾಲಿಡುತ್ತಾ ನುಗ್ಗಿ ಕೋಟೆ ಹಿಡಿದು ಸೇತುವೆ ಸುಟ್ಟರು. ದಕ್ಷಿಣದ ಸೇನೆಗೆ ಸಾಮಾನು ಹೋಗೋ ದಾರಿ ಕಡಿದುಬಿತ್ತು.

ನಾವು ಇಷ್ಟು ಹೊತ್ತು ಬಂದದ್ದು ಮುಖ್ಯವಾಗಿ 5ನೇ ಪಡೆಯ ಕತೆ ಹೇಳೋಕೆ. ಸರಕಾರದ ನಂಬರಿನ 5, ಕೆಂಟಕಿ ರಾಜ್ಯದ್ದು. ಮಸಾಚುಸೆಟ್ಸಿನ 5ರ ಜೊತೆ ಗೊಂದಲ ಮಾಡ್ಕೋಬೇಡಿ.

ಕೆಂಟಕಿ ದಕ್ಷಿಣದ ಕೂಟಕ್ಕೆ ಸೇರದೆ ಉತ್ತರದ ಜೊತೆ ಉಳಿದ ರಾಜ್ಯ. ಹಾಗಾಗಿ ಅಲ್ಲಿನ ಗುಲಾಮರಿಗೆ ಲಿಂಕನ್ ಘೋಷಣೆ ಅನ್ವಯಿಸಲಿಲ್ಲ. ಬಂಡೆದ್ದ ರಾಜ್ಯದ ಗುಲಾಮರಿಗೆ ಬಿಡುಗಡೆ, ನಿಷ್ಠೆಯ ರಾಜ್ಯದ ಗುಲಾಮ ಗುಲಾಮನೇ. ಅಲ್ಲಿನವರಿಗೆ ಇದ್ದದ್ದು ಒಂದೇ ದಾರಿ: ಸೇನೆ ಸೇರೋದು. ಹೆಸರು ಬರೆಸಿದವನು ಸ್ವತಂತ್ರ. ನಿಷ್ಠಾವಂತ ಒಡೆಯ ತನ್ನ ಆಳು ಹೋದದ್ದಕ್ಕೆ 300 ಡಾಲರ್‌ವರೆಗೆ ಪರಿಹಾರ ಕೇಳಬಹುದು ಅಂತಲೂ ಕಾನೂನು ಮಾಡಿದ್ದರು. ಸಾಯೋನು ಇವನು, ಪರಿಹಾರ ಅವನಿಗೆ. ಕ್ಯಾಂಪ್ ನೆಲ್ಸನ್ ಅನ್ನೋ ಒಂದೇ ಶಿಬಿರದಲ್ಲಿ 10,000ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. 5 ಮತ್ತು 6ನೇ ಕುದುರೆ ಪಡೆಗಳು ಹುಟ್ಟಿದ್ದು ಅಲ್ಲೇ.

1864ರ ಸೆಪ್ಟೆಂಬರ್ ಕೊನೆ. ವರ್ಜೀನಿಯಾದ ಬೆಟ್ಟಗಳ ನಡುವೆ ಸಾಲ್ಟ್‌ವಿಲ್ ಅಂತ ಊರು, ಹೆಸರೇ ಹೇಳೋ ಹಾಗೆ ಉಪ್ಪಿನ ಊರು. ಆಗ ಐಸ್‌ಪೆಟ್ಟಿಗೆ ಎಲ್ಲಿತ್ತು? ಸೇನೆಗೆ ಮಾಂಸ ಕೆಡದಂತೆ ಇಡಬೇಕಾದರೆ ಉಪ್ಪೇ ಗತಿ. ದಕ್ಷಿಣದ ಸೈನಿಕರ ಹೊಟ್ಟೆ ನಿಂತಿದ್ದೇ ಆ ಊರಿನ ಉಪ್ಪಿನ ಮೇಲೆ. ಅದನ್ನು ಒಡೆಯೋಕೆ ಜನರಲ್ ಬರ್‌ಬ್ರಿಜ್ ಸುಮಾರು 5,000 ಜನರನ್ನು ಕಟ್ಟಿಕೊಂಡು ಹೊರಟ. ಅದರಲ್ಲಿ ಕಪ್ಪು ಕುದುರೆ ಪಡೆಯವರು ಸುಮಾರು 600. ಕವಾಯತು ಕಲಿಯೋಕೂ ಪುರಸೊತ್ತು ಕೊಟ್ಟಿರಲಿಲ್ಲ. ಕೊಟ್ಟ ಕುದುರೆಗಳು ಪಳಗದವು. ಬಂದೂಕು ಎನ್‌ಫೀಲ್ಡ್, ಉದ್ದನೆಯ ಕಾಲಾಳಿನ ಬಂದೂಕು. ಮದ್ದನ್ನು ಕೊಳವೆ ಬಾಯಿಂದ ತುಂಬಿ ಗಜದಿಂದ ಜಡೀಬೇಕು. ಕುದುರೆ ಮೇಲೆ ಕೂತು ಅದನ್ನು ತುಂಬೋದು ಸಾಧ್ಯವೇ ಇಲ್ಲ. ಈಜು ಬಾರದವನ ಕಾಲಿಗೆ ಕಲ್ಲು ಕಟ್ಟಿ ಹೊಳೆ ದಾಟು ಅಂದ ಹಾಗೆ.

ದಾರಿಯುದ್ದಕ್ಕೂ ಏನಾಯ್ತು ಅನ್ನೋದು ಕರ್ನಲ್ ಜೇಮ್ಸ್ ಬ್ರಿಸ್ಬಿನ್ ಅನ್ನೋ ಅಧಿಕಾರಿ ಬರೆದ ವರದಿಯಲ್ಲಿದೆ. ಜೊತೆಗೆ ಬರ್ತಿದ್ದ ಬಿಳಿ ಸಿಪಾಯಿಗಳು ಇವರ ತಲೆ ಮೇಲಿನ ಟೋಪಿ ಕಿತ್ತು ಎಸೆದರು, ಕುದುರೆ ಕದ್ದರು, ಇವರೇನು ಕಾದಾಡ್ತಾರೆ ಅಂತ ಹಂಗಿಸಿದರು. ಒಂದೇ ಬಾವುಟ, ಒಂದೇ ನೀಲಿ ಅಂಗಿ. ಇವರು ತಿರುಗಿ ಒಂದು ಮಾತಾಡಲಿಲ್ಲವಂತೆ. ಹಾಸ್ಟೆಲಿಂದ ಕಾಲೇಜಿಗೆ ಹೋಗೋ ದಾರಿಯಲ್ಲಿ ಕಿವಿಗೆ ಬೀಳೋ ಮಾತುಗಳನ್ನು ನುಂಗಿಕೊಂಡು ನಡೆದವರಿಗೆ ಆ ಮೌನ ಎಂಥದ್ದು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಟೋಬರ್ 2ರಂದು ಕಾಳಗ. ಬೆಟ್ಟದ ಮೇಲೆ ಶತ್ರು, ಕೆಳಗಿಂದ ಇವರು. ಕುದುರೆ ಇಳಿದು ಹತ್ತಿದರು. ಕಾದಾಡಿದವರು ಸುಮಾರು 400, ಅದರಲ್ಲಿ 114 ಜನ ಸತ್ತರು ಅಥವಾ ಗಾಯಗೊಂಡರು ಅಂತ ಬ್ರಿಸ್ಬಿನ್ ಲೆಕ್ಕ. ಸಂಜೆ ಹೊತ್ತಿಗೆ ಮದ್ದು ಗುಂಡು ಮುಗಿದು ಇಡೀ ಸೇನೆ ರಾತ್ರಿ ಕತ್ತಲಲ್ಲಿ ಹಿಂದೆ ಸರಿಯಿತು. ಹೋಗುವಾಗ ಹಂಗಿಸಿದವರು ಬರುವಾಗ ಬಾಯಿ ಮುಚ್ಚಿಕೊಂಡಿದ್ದರು ಅಂತಲೂ ವರದಿ ಹೇಳುತ್ತೆ.

ಆದರೆ ಗಾಯಗೊಂಡವರನ್ನು ಅಲ್ಲೇ ಬಿಟ್ಟು ಬಂದರು. ಮಾರನೇ ಬೆಳಿಗ್ಗೆ ಮತ್ತೆ ಗುಂಡಿನ ಸದ್ದು. ಕಾಳಗ ಮತ್ತೆ ಶುರುವಾಯಿತೇನೋ ಅಂದುಕೊಂಡು ನೋಡಿದರೆ, ದಕ್ಷಿಣದವರು ಬೆಟ್ಟದ ಮೇಲೆ ಬಿದ್ದಿದ್ದ ಕಪ್ಪು ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಇದ್ದರು. ಇದನ್ನು ಬರೆದಿಟ್ಟವನು ದಕ್ಷಿಣದ ಸೇನೆಯವನೇ, ಜಾರ್ಜ್ ಮೋಸ್‌ಗ್ರೋವ್ ಅನ್ನೋ ಕುದುರೆ ಸವಾರ. ಕೆಲವು ದಿನದ ಮೇಲೆ ಎಮೊರಿ ಅಂಡ್ ಹೆನ್ರಿ ಕಾಲೇಜಿನಲ್ಲಿ ಮಾಡಿದ್ದ ಆಸ್ಪತ್ರೆಗೂ ನುಗ್ಗಿ ಹಾಸಿಗೆ ಮೇಲೆ ಮಲಗಿದ್ದವರನ್ನು ಕೊಂದರು. ಒಟ್ಟು ಎಷ್ಟು ಜನ? ಒಬ್ಬ ಇತಿಹಾಸಕಾರ ಹತ್ತು ಹನ್ನೆರಡು ಅಂದರೆ ಇನ್ನೊಬ್ಬ ಐವತ್ತರ ಹತ್ತಿರ ಅಂತಾನೆ. ಲೆಕ್ಕ ತಾಳೆ ಆಗದೇ ಇರೋಕೆ ಒಂದು ಕಾರಣ ಕೇಳಿ. 5ನೇ ಪಡೆ ಕಾಗದದ ಮೇಲೆ ವಿಧಿವತ್ತಾಗಿ ಸ್ಥಾಪನೆ ಆದದ್ದು ಅಕ್ಟೋಬರ್ 24ಕ್ಕೆ. ಸತ್ತದ್ದು 2ಕ್ಕೆ, 3ಕ್ಕೆ. ಇನ್ನೂ ಹುಟ್ಟದ ರೆಜಿಮೆಂಟಿಗಾಗಿ ಸತ್ತರು ಇವರು.

ಈ ಕೊಲೆಗಳಿಗೆ ಶಿಕ್ಷೆ? ಚ್ಯಾಂಪ್ ಫರ್ಗುಸನ್ ಅನ್ನೋ ಒಬ್ಬ ಗೆರಿಲ್ಲಾ ನಾಯಕನನ್ನು 1865ರ ಅಕ್ಟೋಬರಿನಲ್ಲಿ ನ್ಯಾಶ್‌ವಿಲ್‌ನಲ್ಲಿ ಗಲ್ಲಿಗೆ ಹಾಕಿದರು, ಅವನ ಮೇಲೆ ಬೇರೆ ಕೊಲೆಗಳೂ ಬಹಳ ಇದ್ದವು. ಆರೋಪ ಕೇಳಿಬಂದ ಬ್ರಿಗೇಡಿಯರ್ ಜನರಲ್ ಫೆಲಿಕ್ಸ್ ರಾಬರ್ಟ್‌ಸನ್‌ನನ್ನು ವಿಚಾರಣೆ ಮಾಡಿ ಅಂತ ದಕ್ಷಿಣದ ಮುಖ್ಯ ಸೇನಾನಿ ರಾಬರ್ಟ್ ಲೀ ಕಡೆಯಿಂದಲೇ ಸೂಚನೆ ಹೋಗಿತ್ತು. ವಿಚಾರಣೆ ನಡೆಯಲೇ ಇಲ್ಲ. ದಕ್ಷಿಣದ ಜನರಲ್‌ಗಳ ಪೈಕಿ ಎಲ್ಲರಿಗಿಂತ ಕೊನೆಗೆ, 1928ರಲ್ಲಿ, ಮುಪ್ಪಾಗಿ ಸತ್ತ.

ಅದೇ ನವೆಂಬರ್ ತಿಂಗಳಿಗೆ ಬನ್ನಿ, ಅದೇ ಕ್ಯಾಂಪ್ ನೆಲ್ಸನ್. ಈಗ ಹೇಳೋನು ಕುದುರೆ ಪಡೆಯವನಲ್ಲ, 124ನೇ ಕಾಲಾಳು ಪಡೆಯ ಜೋಸೆಫ್ ಮಿಲ್ಲರ್. ಸಿಪಾಯಿ ಸ್ವತಂತ್ರನಾದ, ಆದರೆ ಅವನ ಹೆಂಡತಿ ಮಕ್ಕಳು ಒಡೆಯನ ಸ್ವತ್ತಾಗೇ ಉಳಿದರು. ಗಂಡ ಸೇನೆ ಸೇರಿದ ಸಿಟ್ಟನ್ನು ಒಡೆಯ ಯಾರ ಮೇಲೆ ತೀರಿಸಿಕೊಳ್ತಾನೆ? ಹಾಗಾಗಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಶಿಬಿರಕ್ಕೆ ಬಂದರು, ಗುಡಿಸಲು ಹಾಕಿಕೊಂಡರು, ಬಟ್ಟೆ ಒಗೆದರು, ಅಡಿಗೆ ಮಾಡಿದರು. ಶಿಬಿರದ ಜನರಲ್ ಸ್ಪೀಡ್ ಫ್ರೈಗೆ ಇದು ಆಗಲಿಲ್ಲ. ಹೆಪ್ಪುಗಟ್ಟೋ ಚಳಿಯಲ್ಲಿ ಸುಮಾರು 400 ಹೆಂಗಸರು ಮಕ್ಕಳನ್ನು ಗಾಡಿಗೆ ತುಂಬಿ ಆಚೆ ಹಾಕಿಸಿದ, ಗುಡಿಸಲು ಕೆಡವಿಸಿದ. ಮಿಲ್ಲರನ ಗುಡಾರಕ್ಕೆ ಬಂದವನು ಕುದುರೆ ಮೇಲಿನ ಕಾವಲಿನವನು. ಗಾಡಿ ಹತ್ತದಿದ್ದರೆ ಎಲ್ಲರನ್ನೂ ಗುಂಡಿಕ್ಕಿ ಕೊಲ್ತೀನಿ ಅಂದ. ಮಗನಿಗೆ ಕಾಯಿಲೆ, ಸಾಯ್ತಾನೆ ಅಂತ ಮಿಲ್ಲರ್ ಬೇಡಿಕೊಂಡ. ಕೇಳಲಿಲ್ಲ. ರಾತ್ರಿ ಆರು ಮೈಲಿ ನಡೆದು ನಿಕೋಲಸ್‌ವಿಲ್ ಊರಿಗೆ ಹೋಗಿ ಹುಡುಕಿದ. ಕಪ್ಪುಜನರ ಒಂದು ಹಳೇ ಪ್ರಾರ್ಥನಾ ಮನೆಯಲ್ಲಿ ಹೆಂಡತಿ ಮಕ್ಕಳು ನಡುಗುತ್ತಾ ಕೂತಿದ್ದರು, ಮಗ ಸತ್ತಿದ್ದ. ಡ್ಯೂಟಿಗೆ ವಾಪಸ್ ಬಂದ. ಬೆಳಿಗ್ಗೆ ಮತ್ತೆ ನಡೆದು ಹೋಗಿ ತಾನೇ ಗುಂಡಿ ತೋಡಿ ಮಗನನ್ನು ಮಣ್ಣು ಮಾಡಿದ. ಮತ್ತೆ ವಾಪಸ್.

ಇದೆಲ್ಲ ನಮಗೆ ಹೇಗೆ ಗೊತ್ತು? ಮಿಲ್ಲರನಿಗೆ ಅಕ್ಷರ ಬರ್ತಿರಲಿಲ್ಲ. ನವೆಂಬರ್ 26ರಂದು ಪ್ರಮಾಣ ಮಾಡಿ ಹೇಳಿದ, ಬರೆಯಬಲ್ಲವರು ಬರೆದುಕೊಂಡರು, ಅವನು ಗುರುತು ಹಾಕಿದ. ಸುದ್ದಿ ಪತ್ರಿಕೆಗಳಿಗೆ ಹೋಯಿತು, ದೇಶವೆಲ್ಲ ಗದ್ದಲವಾಯಿತು. ಆಚೆ ಹಾಕಿದ 400 ಜನರಲ್ಲಿ 102 ಜನ ಸತ್ತರು. 1865ರ ಜನವರಿ ಹೊತ್ತಿಗೆ ಮಿಲ್ಲರ್, ಅವನ ಹೆಂಡತಿ, ಮಕ್ಕಳು ಎಲ್ಲರೂ ಸತ್ತುಹೋಗಿದ್ದರು. ಮಾರ್ಚ್ 3ರಂದು ಅಮೆರಿಕದ ಕಾಂಗ್ರೆಸ್, ಕಪ್ಪು ಸಿಪಾಯಿಗಳ ಹೆಂಡತಿ ಮಕ್ಕಳು ಸ್ವತಂತ್ರರು ಅಂತ ಕಾನೂನು ಮಾಡಿತು. ಪುಸ್ತಕದವರು ಅದನ್ನೂ 'ಕೊಟ್ಟರು' ಅಂತಲೇ ಬರೀತಾರೆ.

ನಡುವೆ ಡಿಸೆಂಬರಿನಲ್ಲಿ 5 ಮತ್ತು 6ನೇ ಕುದುರೆ ಪಡೆಯವರು ಮತ್ತೆ ಸಾಲ್ಟ್‌ವಿಲ್‌ಗೆ ಹೋದರು. ಈ ಸಲ ಊರು ಬಿತ್ತು, ಉಪ್ಪಿನ ಕಡಾಯಿಗಳನ್ನು ಒಡೆದು ಹಾಕಿದರು. ಅಷ್ಟಾದ ಮೇಲೆ ಇವರಿಗೆ ಕೊಟ್ಟ ಕೆಲಸ ದನ ಹೊಡೆಯೋದು! 1865ರ ಜನವರಿ 25ರಂದು 5ನೇ ಪಡೆಯ ಒಂದು ತುಕಡಿ ಸೇನೆಯ ದನದ ಮಂದೆ ಅಟ್ಟಿಕೊಂಡು ಲೂಯಿವಿಲ್ ಕಡೆ ಹೋಗ್ತಿದ್ದಾಗ ಸಿಂಪ್ಸನ್‌ವಿಲ್ ಹತ್ತಿರ ಗೆರಿಲ್ಲಾಗಳು ಮೇಲೆ ಬಿದ್ದು ಸುಮಾರು 22 ಜನರನ್ನು ಕೊಂದರು. ಅವರನ್ನು ಒಂದೇ ಗುಂಡಿಯಲ್ಲಿ ಹೂಳಿದರು. ಅಲ್ಲಿ ಒಂದು ಸ್ಮಾರಕ ಫಲಕ ನಿಂತದ್ದು 2009ರಲ್ಲಿ. ಕ್ಯಾಂಪ್ ನೆಲ್ಸನ್ ರಾಷ್ಟ್ರೀಯ ಸ್ಮಾರಕ ಆದದ್ದು 2018ರಲ್ಲಿ.

ಏಪ್ರಿಲ್ 3ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್ ಬಿತ್ತು. ಮೊದಲು ಒಳಗೆ ಬಂದವರ ಪೈಕಿ ಮಸಾಚುಸೆಟ್ಸಿನ 5ನೇ ಪಡೆಯೂ ಇತ್ತು, ಈ ಸಲ ಕುದುರೆ ಮೇಲೆ. ಗುಲಾಮರ ಸಂತೆ ನಡೆಯುತ್ತಿದ್ದ ಬೀದಿಗಳವು. ಗೊರಸಿನ ಸದ್ದಿಗೆ ಬಾಗಿಲು ಹಾಕಿಕೊಳ್ತಿದ್ದ ಜನ ಅವತ್ತು ಬಾಗಿಲು ತೆಗೆದು ಬೀದಿಗೆ ಬಂದರು.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತೆ, ಆದರೆ ಕತೆ ಮುಂದಿದೆ. 1866ರ ಜುಲೈನಲ್ಲಿ ಕಾಂಗ್ರೆಸ್ ಕಪ್ಪುಜನರ ಎರಡು ಕಾಯಂ ಕುದುರೆ ರೆಜಿಮೆಂಟು ಮಾಡಿತು, 9 ಮತ್ತು 10. ಅವನ್ನು ಕಳಿಸಿದ್ದು ಪಶ್ಚಿಮಕ್ಕೆ, ಅಲ್ಲಿನ ಮೂಲನಿವಾಸಿಗಳ ಮೇಲೆ. ಪಟ್ರೋಲಿನ ಕುದುರೆಗೆ ಹೆದರಿ ಬೆಳೆದವರು ಈಗ ಇನ್ನೊಬ್ಬರ ಹಟ್ಟಿಗೆ ಕುದುರೆ ನುಗ್ಗಿಸಬೇಕಾಯಿತು. ಇದನ್ನು ಮುಚ್ಚಿಟ್ಟು ಇವರನ್ನು ಹೊಗಳೋದು ನಮಗೆ ಬೇಡ. ಸಂಬಳ, ಅಂಗಿ, ಗೌರವ ಬೇರೆಲ್ಲೂ ಸಿಗದ ಕಾಲ ಅದು, ಹಾಗಾಗಿ ಅವರನ್ನು ಬೈಯೋಕೂ ನಮ್ಮ ನಾಲಿಗೆ ಏಳಲ್ಲ. ಇದರ ಬಗ್ಗೆ ನಮ್ಮ ಕೂಟದಲ್ಲೇ ಹೋದ ವಾರ ಜಗಳ ಆಗಿದೆ, ಇನ್ನೂ ತೀರ್ಮಾನ ಆಗಿಲ್ಲ.

ಕೆಂಟಕಿಯ ಹೆಸರಾಂತ ಕುದುರೆ ಜೂಜು ಡರ್ಬಿ 1875ರಲ್ಲಿ ಮೊದಲ ಸಲ ನಡೆದಾಗ 15 ಸವಾರರಲ್ಲಿ 13 ಜನ ಕಪ್ಪುಜನರು. ಗೆದ್ದವನು ಆಲಿವರ್ ಲೂಯಿಸ್. ಆ ಕುದುರೆ ಪಳಗಿಸಿದ ಆನ್ಸೆಲ್ ವಿಲಿಯಮ್ಸನ್ ಹುಟ್ಟಿನಿಂದ ಗುಲಾಮನಾಗಿದ್ದವನು. ಆಮೇಲೆ ಅಲ್ಲಿಂದಲೂ ಅವರನ್ನು ಇಳಿಸಿದರು, ಅದು ಇನ್ನೊಂದು ದಿನದ ಮಾತು.

ಕೊನೆಗೊಂದು ವಿಷಯ. ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಪುಸ್ತಕ ಬರೆದಾಗ ಅದನ್ನು ಅರ್ಪಿಸಿದ್ದು ಅಮೆರಿಕದ ಜನರಿಗೆ, ನೀಗ್ರೋ ಗುಲಾಮಗಿರಿ ತೊಲಗಿಸಲು ಅವರು ಮಾಡಿದ ತ್ಯಾಗಕ್ಕಾಗಿ. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಕಾಗದ ಬರೆದು, ನೀಗ್ರೋಗಳ ಮತ್ತು ಅಸ್ಪೃಶ್ಯರ ಸ್ಥಿತಿಯ ಹೋಲಿಕೆ ಬಗ್ಗೆ ಮಾತಾಡಿದರು, ಡುಬಾಯ್ಸ್ ಉತ್ತರ ಬರೆದರು. ಫುಲೆಯವರ ಅರ್ಪಣೆಯ ಪುಟ ಓದುವಾಗ ನಾವು ಆ 'ಅಮೆರಿಕದ ಜನ'ದೊಳಗೆ ಸಾಲ್ಟ್‌ವಿಲ್ ಬೆಟ್ಟದವರನ್ನೂ, ನಿಕೋಲಸ್‌ವಿಲ್‌ನಲ್ಲಿ ಗುಂಡಿ ತೋಡಿದವನನ್ನೂ ಸೇರಿಸಿಕೊಂಡೇ ಓದ್ತೀವಿ. ಪುಸ್ತಕ ನಮ್ಮ ಹತ್ತಿರ ಒಂದೇ ಪ್ರತಿ ಇದೆ. ಓದಬೇಕು ಅನ್ನೋರು ಹೆಸರು ಬರೆಸಿ, ಸರದಿ ಮೇಲೆ ಕೊಡ್ತೀವಿ. ವಾರ್ಡನ್ ಎರಡು ಸಲ ಬಂದು ಇಣುಕಿ ಹೋದರು, ಊಟದ ಗಂಟೆ ಹೊಡೀತಿದೆ. ಪ್ರಶ್ನೆಗಳಿದ್ದರೆ ಊಟಕ್ಕೆ ಕೂತಾಗ ಕೇಳಿ.